ಗೆರೆಗಳ ಲೆಕ್ಕ

ನನಗಾಗ ಒಂಬತ್ತು. ಟೆಲ್ ಅವೀವಿನಲ್ಲಿ ಆಗಿನ್ನೂ
ಬೀದಿಗಿಂತ ಮರಳೇ ಹೆಚ್ಚು.
ಹೆಫ್ಸಿಬಾ ಟೀಚರು ನಮಗೆಲ್ಲ ಒಂದೊಂದು
ನೀಲಿ ರಟ್ಟಿನ ಪುಟ್ಟ ಪುಸ್ತಕ ಕೊಟ್ಟರು.
ಮನೆಯಲ್ಲಿ ಯಾರಾದರೂ ಯಿಡ್ಡಿಷ್ ಆಡಿದರೆ
ಮಾತಿಗೊಂದು ಗೆರೆ.
"ನೀವು ಕಾವಲಿನವರು" ಅಂದರು.
"ಎರಡು ಸಾವಿರ ವರ್ಷ ಗ್ರಂಥದೊಳಗೆ ಮಲಗಿದ್ದವಳು
ಈಗಷ್ಟೇ ಎದ್ದು ಕೂತಿದ್ದಾಳೆ.
ಅವಳ ಕಿವಿಗೆ ಬೇರೆ ಗದ್ದಲ ಬೀಳಬಾರದು."

ತೈಬೆಲೆ ಎಂಬ ನನ್ನ ಹೆಸರನ್ನೂ
ಹಾಜರಿ ಪಟ್ಟಿಯಲ್ಲಿ ಹೊಡೆದುಹಾಕಿ
ಯೋನಾ ಎಂದು ಬರೆದರು.
ಎರಡೂ ಪಾರಿವಾಳವೇ. ಆದರೂ ಆ ಸಂಜೆ
ಹೊಸ ಹೆಸರಲ್ಲಿ ನನ್ನನ್ನು ಊಟಕ್ಕೆ ಕರೆಯಲು
ಅಮ್ಮನಿಗೆ ಮೂರು ಸಲ ಬಾಯಿ ತಡವರಿಸಿತು.

ಸುಳ್ಳೇಕೆ, ನನಗೆ ಹಿಡಿಸಿತ್ತು ಆ ಭಾಷೆ.
ಪ್ರವಾದಿಯೊಬ್ಬ ಬೆಂಕಿಯ ನಡುವೆ ಕಂಡ
ಏನೋ ಒಂದು ಹೊಳಪಿನ ಹೆಸರನ್ನು
ತಂದು ವಿದ್ಯುತ್ತಿಗೆ ಇಟ್ಟಿದ್ದರು.
ಗುಂಡಿ ಒತ್ತಿದರೆ ಸಾಕು,
ನಮ್ಮ ಒಂಟಿ ಕೋಣೆಯಲ್ಲಿ ದರ್ಶನ!
ಟೊಮೆಟೊಗೆ ಸಿಕ್ಕ ಹೆಸರಿನ ಬೇರಿನಲ್ಲಿ ಮಾತ್ರ
ಕಾಮದ ವಾಸನೆ ಇದೆಯೆಂದು
ಮಡಿವಂತರು ಮೂಗು ಮುರಿದರು.
"ತರಕಾರಿಗೇನು ನಾಚಿಕೆ?" ಅಂದಳು ಅಮ್ಮ.
ಯಿಡ್ಡಿಷಿನಲ್ಲಿ ಅಂದಳು. ಎರಡು ಗೆರೆ.

ಯಾಫಾದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಉಮ್ ಫರೀದ್‌ಗೆ
ಅದು ಬಂದೋರಾ. ಅಮ್ಮನಿಗೂ ಬಂದೋರಾ.
ಬೆರಳಲ್ಲಿ ಲೆಕ್ಕ, ಹುಬ್ಬಲ್ಲಿ ಚೌಕಾಸಿ,
ಕೊನೆಗೊಂದು ಕೊಸರು ಹಣ್ಣು.
ಅರಬ್ಬಿಗೆ ಗೆರೆ ಎಳೆಯಬೇಕೆ ಬೇಡವೆ
ಟೀಚರು ಹೇಳಿರಲಿಲ್ಲ.
ಅದು ಅವರ ಲೆಕ್ಕದಲ್ಲೇ ಇರಲಿಲ್ಲ.

ಅಪ್ಪ ಗೆಟ್ಸೆಲ್ ಅಚ್ಚುಮೊಳೆ ಜೋಡಿಸುವವನು.
ಹಗಲು ಹೀಬ್ರೂ ಪತ್ರಿಕೆ,
ರಾತ್ರಿ ಹಿಂಬಾಗಿಲಲ್ಲಿ ಯಿಡ್ಡಿಷ್ ವಾರಪತ್ರಿಕೆ.
ಅದೇ ಅಕ್ಷರ, ಅದೇ ಸೀಸ, ಅದೇ ಬಲದಿಂದ ಎಡಕ್ಕೆ.
ಒಂದು ಗುರುವಾರ ಹುಡುಗರು ಬಂದು
ಗಾಜು ಒಡೆದು, ಪೆಟ್ಟಿಗೆ ಮಗುಚಿ ಹೋದರು.
ಅಪ್ಪ ಮಂಡಿಯೂರಿ ಮೊಳೆ ಹೆಕ್ಕುತ್ತಾ ಕೇಳಿದ:
"ಈ ಆಲೆಫ್ ಯಾರ ಕಡೆಯದು, ಹೇಳು ನೋಡೋಣ?"
ನನಗೆ ಗೊತ್ತಿರಲಿಲ್ಲ.
ಹುಡುಗರಲ್ಲಿ ಇಬ್ಬರು ನಮ್ಮ ಶಾಲೆಯವರು
ಎಂಬುದು ಗೊತ್ತಿತ್ತು. ಹೇಳಲಿಲ್ಲ.

ಚಳಿಗಾಲದಲ್ಲಿ ತಮ್ಮ ಮೆಂಡೆಲ್‌ಗೆ ಜ್ವರ.
ಮೈ ಕೆಂಡ, ತುಟಿ ಒಣಗಿ ಸಿಪ್ಪೆ.
ಅಮ್ಮ ಅವನನ್ನು ಎದೆಗೆ ಹಾಕಿಕೊಂಡು
ಬಾಯಿ ತೆರೆದಳು, ನನ್ನ ಕಡೆ ನೋಡಿದಳು.
ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು.
ಹೀಬ್ರೂವಿನಲ್ಲಿ ಅವಳಿಗೆ ಬರುತ್ತಿದ್ದದ್ದು
ಬ್ರೆಡ್ಡು, ಬಾಡಿಗೆ, ನಾಳೆ ಬನ್ನಿ.
ಅಷ್ಟರಲ್ಲಿ ಯಾವ ಮಗು ಮಲಗೀತು?
ಬಾಯಿ ಮುಚ್ಚಿಕೊಂಡಳು.
ಬೆಳಗಿನ ತನಕ ಮೂಗಿನಲ್ಲೇ ಗುನುಗಿದಳು,
ಮಾತಿಲ್ಲದ ಬರೀ ರಾಗ,
ಬಾವಿಯಲ್ಲಿ ಕೊಡ ತಾಕಿದಂಥ ಸದ್ದು.

ಆ ಪುಟದಲ್ಲಿ ಒಂದೂ ಗೆರೆಯಿಲ್ಲ.
ಟೀಚರು ಕೆಂಪು ಶಾಯಿಯಲ್ಲಿ ಬರೆದರು:
ಭೇಷ್, ಯೋನಾ. ನಿಮ್ಮ ಮನೆ ಗೆದ್ದಿತು.

ಮೆಂಡೆಲ್ ಉಳಿದ. ಈಗ ಮೆನಾಹೆಮ್, ನಾಲ್ಕು ಮೊಮ್ಮಕ್ಕಳು.
ಉಮ್ ಫರೀದ್ ಒಂದು ವಸಂತದ ಮೇಲೆ ಬರಲಿಲ್ಲ.
ಅವಳ ಬೀದಿಗೆ ಹೊಸ ಫಲಕ ಬಂತು,
ಚೆಂದದ ಅಕ್ಷರ, ಒಂದೂ ತಪ್ಪಿಲ್ಲ.
ನಾನು ಶಾಲೆಯಲ್ಲಿ ಮೂವತ್ತು ವರ್ಷ
ವ್ಯಾಕರಣ ಕಲಿಸಿದೆ. ಬೈಯುವುದು, ಲೆಕ್ಕ ಮಾಡುವುದು,
ಕನಸಲ್ಲಿ ಬಸ್ಸಿಗೆ ಓಡುವುದು
ಎಲ್ಲವೂ ಅದರಲ್ಲೇ. ಅದು ನನ್ನದೇ, ಬಿಟ್ಟುಕೊಡಲಾರೆ.

ನಿನ್ನೆ ಮೆನಾಹೆಮ್ ಫೋನು ಮಾಡಿದ.
ಕಿರಿಯ ಮೊಮ್ಮಗಳಿಗೆ ಜ್ವರವಂತೆ, ಮಲಗುತ್ತಿಲ್ಲವಂತೆ.
"ಅಮ್ಮ ನನಗೆ ಏನೋ ಹೇಳುತ್ತಿದ್ದಳಲ್ಲ ಅಕ್ಕಾ,
ಅದರ ಮಾತು ನೆನಪಿದೆಯಾ?"
ನೀಲಿ ಪುಸ್ತಕ ಹುಡುಕಿ ಆ ಪುಟ ತೆರೆದೆ.
ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು
ಗುನುಗಿದೆ, ಮೂಗಿನಲ್ಲಿ, ನನಗೆ ಬಂದಷ್ಟು.